ಕುದುರೆಗೊಂದು ತುತ್ತು

ಹೋದ ಜನವರಿಯಲ್ಲಿ ಬೆಂಗಳೂರಿನಿಂದ ಹಾಸನಕ್ಕೆ ಬರುವಾಗ ಬಸ್ಸು ಹಿರೀಸಾವೆಯಲ್ಲಿ ಕಾಫಿಗೆ ನಿಂತಿತು. ಕೈ ತೊಳೆಯಲು ಹೋಟೆಲಿನ ಹಿಂದಕ್ಕೆ ಹೋದೆ. ನಲ್ಲಿಯ ಪಕ್ಕದಲ್ಲೇ ಅವರೆಕಾಯಿ ಸಿಪ್ಪೆಯ ರಾಶಿ. ಎರಡು ಮೂರು ದಿನದ್ದಿರಬೇಕು, ಬಿಸಿಲಿಗೆ ಕಾದು ಒಳಗೊಳಗೇ ಹುಳಿತು ಹಬೆಯಾಡುತ್ತಿತ್ತು. ಅವರೆಯ ಸೊಗಡು ಎಂದರೆ ನಮ್ಮ ಸೀಮೆಯವರು ಪ್ರಾಣ ಬಿಡುತ್ತಾರೆ. ನಾನೂ ಒಂದು ಕಾಲಕ್ಕೆ ಹಾಗೇ ಇದ್ದೆ. ಅವತ್ತು ಮಾತ್ರ ಮೂಗಿಗೆ ವೇಲು ಒತ್ತಿಕೊಂಡು ಬಸ್ಸಿಗೆ ಓಡಿ ಬಂದೆ. ಪಕ್ಕದ ಸೀಟಿನ ಹೆಂಗಸು, "ವಾಂತಿ ಬರಂಗದಾ ಕಣವ್ವ? ನಿಂಬೆಹಣ್ಣು ಕೊಡ್ಲಾ?" ಎಂದಳು. ಬೇಡವೆಂದೆ. ಅದೇ ವಾಸನೆಯಲ್ಲಿ ಮೊಣಕೈ ಮುಳುಗಿಸಿ ನಾನು ಒಂದು ಮಧ್ಯಾಹ್ನ ನಿಂತಿದ್ದೆನೆಂದು ಅವಳಿಗೆ ಹೇಗೆ ಹೇಳುವುದು?

ಆರು ವರ್ಷದ ಹಿಂದಿನ ಮಾತು. ಆಗ ನಾನು ಹಾಸನದ ಹೊರಗೆ ಒಂದು ಸಣ್ಣ ಟ್ರಸ್ಟಿನವರು ನಡೆಸುತ್ತಿದ್ದ ಪ್ರಾಣಿಗಳ ಆಸ್ಪತ್ರೆಯಲ್ಲಿ ಡಾಕ್ಟರು. ಈಗ ಆ ಆಸ್ಪತ್ರೆ ಇಲ್ಲ, ಅಲ್ಲಿ ಟೈಲ್ಸ್ ಅಂಗಡಿಯಾಗಿದೆ. ಇದ್ದವರು ಮೂರೇ ಜನ. ನಮ್ಮ ಹಿರಿಯ ಡಾಕ್ಟರು, ನಾನು, ಮತ್ತು ದನ ಕಟ್ಟುವುದರಿಂದ ನೆಲ ತೊಳೆಯುವವರೆಗೆ ಎಲ್ಲವನ್ನೂ ಗೊಣಗುತ್ತಲೇ ಮಾಡುತ್ತಿದ್ದ ರಂಗಣ್ಣ. ನಾನು ಎರಡು ವರ್ಷ ದೂರದ ಊರಿನಲ್ಲಿದ್ದು ಕಲಿತು ಬಂದದ್ದು ಕುದುರೆಯ ಹೊಟ್ಟೆಯ ಆಪರೇಷನ್ನು. ಇಲ್ಲಿ ಬರುತ್ತಿದ್ದದ್ದು ಹಸು, ಎಮ್ಮೆ, ಕುರಿ, ಕಾರಿಗೆ ಸಿಕ್ಕಿದ ನಾಯಿ. "ಕುದುರೇನೇ ಇಲ್ಲದ ಊರಿಗೆ ಕುದುರೆ ಡಾಕ್ಟ್ರು ಬಂದವ್ರೆ" ಎಂದು ಹಿರಿಯರು ದಿನಕ್ಕೊಮ್ಮೆ ಕಾಲೆಳೆಯುತ್ತಿದ್ದರು. ನಾನೂ ನಗುತ್ತಿದ್ದೆ. ಒಳಗೆ ಮೈ ಉರಿಯುತ್ತಿತ್ತು.

ಆ ವರ್ಷ ಅರಕಲಗೂಡಿನ ನಮ್ಮ ಮನೆಯವರು ನನ್ನ ಜೊತೆ ಮಾತು ಬಿಟ್ಟಿದ್ದರು. ನಿಶ್ಚಿತಾರ್ಥವಾಗಿದ್ದ ಸಂಬಂಧವನ್ನು ನಾನು ಬೇಡವೆಂದಿದ್ದೆ. ಹುಡುಗ ಕೆಟ್ಟವನೇನಲ್ಲ. ಮದುವೆಯಾದ ಮೇಲೆ ಈ ಸೆಗಣಿ ಗಂಜಲದ ಕೆಲಸ ಬಿಟ್ಟು ಮನೆಯಲ್ಲಿರು ಎಂದ, ನಾನು ಉಂಗುರ ವಾಪಸ್ಸು ಕಳಿಸಿದೆ, ಅಷ್ಟೇ. ಅಷ್ಟೇ ಎಂದು ನಾನು ಅಂದುಕೊಂಡಿದ್ದೆ. ಅಪ್ಪನ ಜವಳಿ ಅಂಗಡಿಗೆ ಬಂದವರೆಲ್ಲ ಸೀರೆ ನೋಡುವುದು ಬಿಟ್ಟು ಅದನ್ನೇ ಕೇಳಿದರಂತೆ. ಅಣ್ಣ ಫೋನಿನಲ್ಲಿ, "ಇನ್ನು ಹಬ್ಬಕ್ಕೂ ಈ ಮನೆ ಕಡೆ ತಲೆ ಹಾಕ್ಬೇಡ" ಎಂದ. ನನಗೆ ಕೋಪ ಮೂಗಿನ ತುದಿಯಲ್ಲೇ. "ಹಾಕಲ್ಲ ಹೋಗೋ" ಎಂದು ಕಟ್ ಮಾಡಿದೆ. ಗೌರಿ ಹಬ್ಬ ಕಳೆಯಿತು, ದೀಪಾವಳಿ ಕಳೆಯಿತು, ಯಾರೂ ಕರೆಯಲಿಲ್ಲ. ಅಮ್ಮ ದೇವಸ್ಥಾನಕ್ಕೆ ಹೋದಾಗ ಪಕ್ಕದ ಮನೆಯವರ ಫೋನಿನಿಂದ ಒಂದೆರಡು ನಿಮಿಷ ಮಾತಾಡಿ ಇಟ್ಟುಬಿಡುತ್ತಿದ್ದಳು. ಬಾಡಿಗೆ ರೂಮಿನಲ್ಲಿ ಒಂದು ಪಾವು ಅಕ್ಕಿ ಬೇಯಿಸಿದರೆ ಎರಡು ದಿನಕ್ಕೆ ಬರುತ್ತಿತ್ತು. ಕೆಲವು ಭಾನುವಾರ ಇಡೀ ದಿನ ಬಾಯಿ ಬಿಡದೆ ಇದ್ದು, ಸಂಜೆ ಹಾಲಿನವನಿಗೆ "ಅರ್ಧ ಲೀಟರ್" ಎಂದಾಗ ನನ್ನ ದನಿ ಕೇಳಿ ನಾನೇ ಬೆಚ್ಚಿದ್ದುಂಟು.

ಹೀಗಿರುವಾಗ ಜನವರಿಯ ಮೊದಲ ವಾರ ಒಂದು ಬೆಳಗ್ಗೆ, ಇನ್ನೂ ಮಂಜು ಬಿಟ್ಟಿರಲಿಲ್ಲ, ಗೇಟಿನೊಳಕ್ಕೆ ಒಂದು ಪಿಕಪ್ ಗಾಡಿ ಬಂತು. ಹಿಂದುಗಡೆ ಬಿಳೀ ಹೆಣ್ಣುಕುದುರೆ. ಮೈಯೆಲ್ಲ ಬೆವರು, ಮಂಡಿಯಲ್ಲಿ ತರಚಿದ ರಕ್ತ, ಹೊಟ್ಟೆ ಎರಡೂ ಕಡೆ ಊದಿ ತಮಟೆಯಾಗಿತ್ತು. ತಿರುತಿರುಗಿ ತನ್ನ ಪಕ್ಕೆಯನ್ನೇ ನೋಡಿಕೊಳ್ಳುತ್ತಿತ್ತು. ಹಗ್ಗ ಹಿಡಿದು ನಿಂತಿದ್ದವರು ಹಳೇಕೋಟೆಯ ನಂಜಪ್ಪ. ಐವತ್ತರ ಆಸುಪಾಸು, ಮದುವೆಯಿಲ್ಲ, ವಿಧವೆ ಅಕ್ಕ ಸಾಕಮ್ಮನ ಜೊತೆ ವಾಸ. ಹೊಳೆನರಸೀಪುರ, ಚನ್ನರಾಯಪಟ್ಟಣದ ಛತ್ರಗಳಲ್ಲಿ ಗಂಡನ್ನು ಕುದುರೆ ಮೇಲೆ ಕೂರಿಸಿ ದಿಬ್ಬಣ ಕರೆತರುವುದು ಅವರ ಕೆಲಸ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ಅವರು ಹೇಳಿದ್ದು ಒಂದೇ ಮಾತು. "ರಾತ್ರಿಯಿಂದ ಒಳ್ಳಾಡ್ತಾ ಅವ್ಳೆ ಡಾಕ್ಟ್ರಮ್ಮ, ಏನಾರ ಮಾಡಿ."

ಏನು ತಿನ್ನಿಸಿದಿರಿ ಎಂದು ಕೇಳಿದೆ.

"ಏನೂ ಇಲ್ಲ ಕಣವ್ವ, ಯಾವಾಗ್ಲೂ ತಿನ್ನೋದೇಯ" ಎಂದರು. ಆಮೇಲೆ ತಲೆ ಕೆರೆದುಕೊಂಡು, "ಒಂಚೂರು ಅವರೆಕಾಯ್ ಸಿಪ್ಪೆ ಆಕಿದ್ವಿ. ಹಿದುಕಿದ್ ಬೇಳೆ ಸಿಪ್ಪೇನೂವೆ. ಅಸ ತಿಂತವಲ್ಲ, ಇವಳಿಗ್ಯಾಕೆ ಬ್ಯಾಡ ಅಂತ" ಎಂದರು.

ಧನುರ್ಮಾಸದಲ್ಲಿ ಮದುವೆಯಿಲ್ಲ. ಇಪ್ಪತ್ತು ದಿನದಿಂದ ಕುದುರೆ ಕೆಲಸವಿಲ್ಲದೆ ಕಟ್ಟಿದ ಜಾಗದಲ್ಲೇ ನಿಂತಿದೆ. ಆ ತಿಂಗಳೇ ನಮ್ಮ ಕಡೆ ಮನೆಮನೆಯಲ್ಲೂ ಅವರೆ. ಕೇರಿಯ ಹೆಂಗಸರೆಲ್ಲ ಮೊರಗಟ್ಟಲೆ ಸಿಪ್ಪೆ ತಂದು ಸುರಿದಿದ್ದಾರೆ. ಹಸು ಮೆಲುಕು ಹಾಕಿ ಅರಗಿಸುತ್ತದೆ, ಕುದುರೆಗೆ ಮೆಲುಕಿಲ್ಲ. ವಾಂತಿಯೂ ಇಲ್ಲ, ಒಳಗೆ ಹೋದದ್ದು ಬಾಯಿಂದ ಹಿಂದಕ್ಕೆ ಬರುವಂತಿಲ್ಲ. ದೊಡ್ಡ ಕರುಳಿನಲ್ಲಿ ಸಿಪ್ಪೆ ಕಟ್ಟಿಕೊಂಡು, ಹುಳಿತು, ಗಾಳಿ ತುಂಬಿ, ಕರುಳು ಜಾಗ ಬಿಟ್ಟು ಹೊರಳಿಕೊಂಡಿತ್ತು. ನೋವಿನ ಇಂಜೆಕ್ಷನ್ ಕೊಟ್ಟೆ, ಮೂಗಿನಿಂದ ಹೊಟ್ಟೆಗೆ ಟ್ಯೂಬು ಇಳಿಸಿದೆ, ಎರಡೂ ಕಡೆ ಡ್ರಿಪ್ ಹಾಕಿದೆ. ಒಂದು ಗಂಟೆ ತಣ್ಣಗಿದ್ದು ಮತ್ತೆ ಕೆಳಕ್ಕೆ ಬಿದ್ದು ಹೊರಳಾಡಿತು. ವಸಡು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತಿತ್ತು.

ನಂಜಪ್ಪನವರನ್ನು ಪಕ್ಕಕ್ಕೆ ಕರೆದು ಹೇಳಿದೆ. "ಹೊಟ್ಟೆ ಕುಯ್ಯಬೇಕು. ಕುಯ್ಯದಿದ್ದರೆ ಸಂಜೆಯೊಳಗೆ ಹೋಗುತ್ತೆ."

"ಕುಯ್ದ್ರೆ ಉಳೀತದಾ?"

"ಗೊತ್ತಿಲ್ಲ. ಮೊದಲು ಮತ್ತು ಇಳಿದು ಎದ್ದು ನಿಲ್ಲಬೇಕು. ಏಳುವಾಗ ಕಾಲು ಮುರಿದುಕೊಂಡರೆ ಮುಗಿಯಿತು. ಆಮೇಲೆ ಕರುಳು ತಾನಾಗಿ ಕೆಲಸ ಶುರು ಮಾಡಬೇಕು. ಹೊಲಿಗೆ ಕೀವಾಗಬಾರದು. ಗೊರಸು ಕೆಡಬಾರದು. ಒಂದೊಂದನ್ನೂ ದಾಟಬೇಕು ನಂಜಪ್ಪ."

ಅವರು ಕುದುರೆಯ ಕಡೆ ನೋಡಿದರು. "ಊರಲ್ಲಿ ನಂಜಪ್ಪ ಅಂದ್ರೆ ಯಾರ್ಗೂ ಗೊತ್ತಾಗಾಕಿಲ್ಲ ಕಣವ್ವ. ಕುದುರೆ ನಂಜಪ್ಪ ಅನ್ಬೇಕು. ಕುಯ್ಯಿ" ಎಂದರು. ಅದರ ಹೆಸರು ಬೆಳ್ಳಿ ಎಂದು ಆಗಲೇ ಹೇಳಿದ್ದು.

ಹಿರಿಯ ಡಾಕ್ಟರು ಮತ್ತಿನ ಉಸ್ತುವಾರಿ ಹೊತ್ತರು. ಲಾರಿ ಗ್ಯಾರೇಜಿನಿಂದ ತಂದ ಚೈನ್ ಪುಲ್ಲಿಯಲ್ಲಿ ರಂಗಣ್ಣ ಬೆಳ್ಳಿಯನ್ನು ಎತ್ತಿ ಟೇಬಲ್ಲಿನ ಮೇಲೆ ಅಂಗಾತ ಇಳಿಸಿದ. ಹೊಟ್ಟೆಯ ನಡುಗೆರೆಯಲ್ಲಿ ಕತ್ತಿ ಇಟ್ಟೆ. ಒಬ್ಬಳೇ ನಿಂತು ಕುದುರೆಯ ಹೊಟ್ಟೆ ತೆರೆದದ್ದು ಅದೇ ಮೊದಲು. ಕರುಳು ಲಾರಿ ಟ್ಯೂಬಿನ ಹಾಗೆ ಉಬ್ಬಿ ಹೊರಕ್ಕೆ ಬಂತು. ಗಾಳಿ ತೆಗೆದೆ. ಕರುಳಿನ ತಿರುವಿನಲ್ಲಿ ಒಂದು ಗೇಣು ಕೊಯ್ದು, ಪೈಪಿನಲ್ಲಿ ನೀರು ಬಿಟ್ಟು, ಕೈ ಹಾಕಿ ಹಾಕಿ ಒಳಗಿದ್ದದ್ದನ್ನು ಹೊರಕ್ಕೆ ಎಳೆದೆ. ಸಿಪ್ಪೆ, ಬರೀ ಅವರೆ ಸಿಪ್ಪೆ, ಬಕೆಟ್ಟುಗಟ್ಟಲೆ. ಆ ಹುಳಿ ವಾಸನೆಗೆ ರಂಗಣ್ಣ, "ಇನ್ಮೇಲೆ ನಮ್ಮನೇಲಿ ಅವರೆಕಾಳ್ ಸಾರು ಬಂದ್" ಎಂದ. ಖಾಲಿಯಾದ ಕರುಳನ್ನು ಹೊರಳಿಸಿ ಜಾಗಕ್ಕೆ ಕೂರಿಸಿದೆ. ಕಪ್ಪಗಿದ್ದದ್ದು ನಿಧಾನವಾಗಿ ಕೆಂಪಗಾಯಿತು. ಹಿರಿಯ ಡಾಕ್ಟರು ಬೆಳ್ಳಿಯ ತಲೆಯ ಹತ್ತಿರದಿಂದಲೇ, "ಶಹಬ್ಬಾಸ್ ಕಣಮ್ಮ" ಎಂದರು. ಅಪ್ಪನಿಗೆ ಫೋನ್ ಮಾಡಿ ಹೇಳಬೇಕು ಎಂದು ತಟ್ಟನೆ ಅನ್ನಿಸಿತು. ಮಾಡಲಿಲ್ಲ.

ಸಂಜೆ ಐದಕ್ಕೆ ಹುಲ್ಲು ಹಾಸಿದ ಕೋಣೆಯಲ್ಲಿ ಬೆಳ್ಳಿ ಎಚ್ಚರವಾಯಿತು. ಎರಡು ಸಲ ಎದ್ದು ಕುಸಿದು ಬಿತ್ತು. ಬಾಗಿಲಾಚೆಯಿಂದ ನಂಜಪ್ಪ, "ಯೋಳು ಮಗಾ, ಯೋಳು ನನ್ ತಾಯಿ, ವಾಲಗ ಶುರುವಾಯ್ತು" ಎಂದು ಕರೆದರು. ಮೂರನೆಯ ಸಲಕ್ಕೆ ನಾಲ್ಕೂ ಕಾಲೂರಿ ನಿಂತಿತು. ನಂಜಪ್ಪ ಗೋಡೆಗೆ ತಲೆ ಆನಿಸಿ ಮಕ್ಕಳ ಹಾಗೆ ಅತ್ತರು.

ಅಲ್ಲಿಂದ ದಿನ ಎಣಿಸುವುದು ಶುರು. ಎರಡು ದಿನ ಕರುಳಿನಿಂದ ಹೊಟ್ಟೆಗೆ ಹಿಂದಕ್ಕೆ ಬರುತ್ತಿದ್ದ ನೀರನ್ನು ಟ್ಯೂಬಿನಲ್ಲಿ ತೆಗೆಯುತ್ತಿದ್ದೆ. ಕಿವಿಗೆ ಸ್ಟೆತಸ್ಕೋಪು ಸಿಕ್ಕಿಸಿ ಪಕ್ಕೆಗೆ ಒತ್ತಿ ಕೂತರೆ ಒಳಗೆ ಏನೂ ಕೇಳದು, ಮಾತು ಬಿಟ್ಟ ಮನೆಯ ಹಾಗೆ. ಮೂರನೆಯ ದಿನ ಮಧ್ಯಾಹ್ನ ಸಣ್ಣಗೆ ಗುಳುಗುಳು. ಅದಾಗಿ ಒಂದು ಗಂಟೆಗೆ ನಾಲ್ಕು ಉಂಡೆ ಲದ್ದಿ ಹಾಕಿತು. ರಂಗಣ್ಣ ಅದನ್ನು ಸಲಿಕೆಯಲ್ಲಿ ಎತ್ತಿಕೊಂಡು ಪ್ರಸಾದದ ಹಾಗೆ ಎಲ್ಲರಿಗೂ ತೋರಿಸಿ ಬಂದ. ನಗಬೇಡಿ. ಕುದುರೆಯ ಹೊಟ್ಟೆ ಹೊಲಿದವರಿಗೆ ಅದಕ್ಕಿಂತ ದೊಡ್ಡ ಸಮಾಚಾರ ಇಲ್ಲ. ಆರನೆಯ ದಿನ ಹೊಲಿಗೆಯ ಕೆಳತುದಿಯಲ್ಲಿ ಕೀವು ಕಂಡಿತು. ಎರಡು ಹೊಲಿಗೆ ಬಿಚ್ಚಿ, ತೊಳೆದು, ದುಪ್ಪಟಿ ಹರಿದು ಹೊಟ್ಟೆಗೆ ಪಟ್ಟಿ ಕಟ್ಟಿದೆ. ಅದೂ ಹತೋಟಿಗೆ ಬಂತು.

ಮೊದಲ ಮೂರು ದಿನ ಕಳೆದ ಮೇಲೆ ನಂಜಪ್ಪ ಬೆಳಗ್ಗೆ ಬಂದು ನೋಡಿಕೊಂಡು ಹನ್ನೆರಡರ ಬಸ್ಸಿಗೆ ಊರಿಗೆ ಹೋಗುತ್ತಿದ್ದರು. ಹೊಲದಲ್ಲಿ ರಾಗಿ ಮೆದೆ ಹಾಗೇ ಇತ್ತು. ಮಧ್ಯಾಹ್ನಗಳೆಲ್ಲ ನನಗೂ ಬೆಳ್ಳಿಗೂ ಬಿಟ್ಟದ್ದು. ಎರಡೆರಡು ಗಂಟೆಗೆ ಒಂದು ಹಿಡಿ ಹಸಿ ಹುಲ್ಲು, ಅಷ್ಟೇ, ಮೇಲೆ ಒಂದು ಕಾಳು ಕೂಡ ಇಲ್ಲ. ಅದು ನನ್ನ ಕಟ್ಟಪ್ಪಣೆ. ಚಳಿಗಾಲದ ಬಿಸಿಲು ಓರೆಯಾಗಿ ಕೋಣೆಯೊಳಕ್ಕೆ ಬೀಳುತ್ತಿತ್ತು. ಬಕೆಟ್ ಬೋರಲು ಹಾಕಿಕೊಂಡು ಕೂತು ನಾನು ಬೆಳ್ಳಿಗೆ ಎಲ್ಲ ಹೇಳುತ್ತಿದ್ದೆ. ಅಣ್ಣನಿಗೆ ಹೇಳಬೇಕಾಗಿದ್ದ ಬೈಗುಳ, ಅಮ್ಮ ಫೋನಿನಲ್ಲಿ ಹೇಳಿ ಮುಗಿಸದೆ ಇಟ್ಟ ಮಾತು, ಇವತ್ತಿನ ಅನ್ನ ಸೀದದ್ದು. ಅದು ಕಿವಿ ತಿರುಗಿಸಿ ಕೇಳುತ್ತಿತ್ತು. ಮೂವತ್ತೊಂದು ವರ್ಷದ ಹೆಂಗಸು ಕುದುರೆಯ ಮುಂದೆ ಕೂತು ಮನೆಯ ಸುದ್ದಿ ಹೇಳುವುದನ್ನು ಕಂಡು ರಂಗಣ್ಣ, "ಮೇಡಮ್ಮೋರೆ, ಅದೂ ಹೆಣ್ಣೇ, ತಿರ್ಗ ಅದರ ಕಷ್ಟಾನೂ ಒಸಿ ಕೇಳಿ" ಎಂದು ಚುಡಾಯಿಸಿದ.

ಹತ್ತನೆಯ ದಿನ ಸಂಕ್ರಾಂತಿ. ರಜ ಹಾಕಿ ಹೋಗಲು ನನಗೆ ಊರಿರಲಿಲ್ಲ. ರಂಗಣ್ಣನಿಗೂ ಹಿರಿಯ ಡಾಕ್ಟರಿಗೂ, "ನೀವು ಹೋಗಿ, ನಾನಿರುತ್ತೇನೆ" ಎಂದು ದೊಡ್ಡಸ್ತಿಕೆ ತೋರಿಸಿದೆ. ಬೆಳಗ್ಗೆ ಆಸ್ಪತ್ರೆಗೆ ನಡೆದು ಬರುವಾಗ ಹೊಸ ಲಂಗ ತೊಟ್ಟ ಹುಡುಗಿಯರು ಮನೆಮನೆಗೆ ಎಳ್ಳು ಬೀರಲು ಹೊರಟಿದ್ದರು. ನನ್ನ ಪಕ್ಕದ ಮನೆಗೆ ಹೋದರು, ಎದುರು ಮನೆಗೆ ಹೋದರು. ನನ್ನ ಬಾಗಿಲಿಗೆ ಯಾರೂ ಬಂದಿರಲಿಲ್ಲ. ಬೀಗ ಹಾಕಿಕೊಂಡು ಓಡಾಡುವ ಬಾಗಿಲಿಗೆ ಯಾರು ಬರುತ್ತಾರೆ? ನನಗೇನು ಎಳ್ಳುಬೆಲ್ಲ ತಿನ್ನದಿದ್ದರೆ ಜೀವ ಹೋಗುತ್ತದೆಯೇ ಎಂದುಕೊಂಡೆ.

ಹನ್ನೊಂದು ಗಂಟೆಗೆ ಗೇಟಿನ ಹತ್ತಿರ ಗಲಾಟೆ. ನೋಡಿದರೆ ಹಳೇಕೋಟೆಯಿಂದ ಒಂದು ಟೆಂಪೊ. ನಂಜಪ್ಪ, ಅಕ್ಕ ಸಾಕಮ್ಮ, ತಮ್ಮಂದಿರ ಮನೆಯವರು, ಅಕ್ಕಪಕ್ಕದವರು, ಎಣಿಸಿದರೆ ಹದಿನಾಲ್ಕು ಜನ. ಹಬ್ಬದ ದಿನ ಬೆಳ್ಳಿಯನ್ನು ನೋಡದೆ ಇರುವುದು ಹೇಗೆ ಎಂದು ಬಂದಿದ್ದರು. ನಮ್ಮ ಕಡೆ ಆಸ್ಪತ್ರೆಯಲ್ಲಿರುವವರನ್ನು ಬರಿಗೈಯಲ್ಲಿ ನೋಡಲು ಬರುವುದಿಲ್ಲ. ಅದರಲ್ಲೂ ಸಂಕ್ರಾಂತಿ ಎಂದರೆ ದನಕರುವಿನ ಹಬ್ಬ, ಮೈ ತೊಳೆದು ಪೂಜೆ ಮಾಡಿ ಬಾಯಿಗಿಟ್ಟ ಮೇಲೆಯೇ ಮನೆಯವರ ಊಟ. ಸಾಕಮ್ಮನ ತಲೆಯ ಮೇಲೆ ಒಂದು ಬೇಸನ್ನು. ಅದರ ತುಂಬ ಸಿಹಿ ಹುಗ್ಗಿ, ಬೇಯಿಸಿದ ಗೆಣಸು, ಕಬ್ಬಿನ ತುಂಡು.

ನೋಡಿದ ಕೂಡಲೇ ನನ್ನ ಪಿತ್ತ ನೆತ್ತಿಗೇರಿತು. "ಏನ್ರೀ ಇದು? ಒಂದು ಕಾಳೂ ಕೊಡಬಾರದು ಅಂತ ದಿನಾ ಬಡ್ಕೋತಿದೀನಿ, ಹುಗ್ಗಿ ಹೊತ್ಕೊಂಡು ಬಂದಿದ್ದೀರಲ್ಲ!" ಎಂದು ಕೂಗಿದೆ. ನಂಜಪ್ಪ ಟೆಂಪೊದ ಕಡೆ ತಿರುಗಿ, "ನಾ ಯೋಳ್ಲಿಲ್ವಾ ಬ್ಯಾಡ ಅಂತ" ಎಂದು ಗೊಣಗಿದರು. ಆಗ ಸಾಕಮ್ಮ ಸೆರಗಿನಡಿಯಿಂದ ಎರಡಂತಸ್ತಿನ ಒಂದು ಸಣ್ಣ ಸ್ಟೀಲ್ ಡಬ್ಬಿ ತೆಗೆದು ನನ್ನ ಕೈಗಿಟ್ಟರು. "ಇದು ನಿಮ್ಗೆ ಕಣವ್ವ. ಎಳ್ಳುಬೆಲ್ಲ. ಹಬ್ಬದ್ ದಿನ ಒಬ್ಬಳೇ ಅವ್ಳೆ ಅಂತ ನಂಜ ಯೋಳ್ದ. ಅದ್ಕೆ ಹುಗ್ಗೀನೂ ಬ್ಯಾರೆ ತಂದಿವ್ನಿ. ಬಿಸಿ ಆರೋಯ್ತದೆ, ಮೊದ್ಲು ತಿನ್ನಿ" ಎಂದು ಅರಿಶಿನ ಕುಂಕುಮ ಕೊಟ್ಟು, ನನ್ನ ತಲೆಗೆ ಒಂದು ತುಂಡು ಹೂವು ಮುಡಿಸಿದರು.

ಅಷ್ಟೇ ಸಾಕಾಯಿತು. ಯಾರಾದರೂ ನನ್ನ ತಲೆ ಮುಟ್ಟಿ ಎಷ್ಟು ತಿಂಗಳಾಗಿತ್ತೋ! ನನ್ನ ಓದು, ನನ್ನ ಕಟ್ಟಪ್ಪಣೆ, ಎಲ್ಲ ಅಲ್ಲೇ ನೀರಾಯಿತು. ಸಾಕಮ್ಮ ಮೆಲ್ಲಗೆ, "ಬೆಳ್ಳಿಗೂ ಒಂದ್ ತುತ್ತು ಮಡಗ್ಲಾ? ಹಬ್ಬದ ಶಾಸ್ತ್ರ ಕಣವ್ವ, ಒಂದೇ ತುತ್ತು" ಎಂದು ಕೇಳಿದಾಗ ಬಾಯಿಂದ ಬೇಡ ಎಂದು ಬರಲೇ ಇಲ್ಲ. "ಒಂದೇ ತುತ್ತು ಮತ್ತೆ" ಎಂದೆ. ಡಬ್ಬಿ ಹಿಡಿದುಕೊಂಡು ಡ್ರೆಸ್ಸಿಂಗ್ ರೂಮಿನೊಳಕ್ಕೆ ಹೋಗಿ ಬಾಗಿಲು ಹಾಕಿಕೊಂಡೆ. ಅಳುವುದನ್ನು ಅಷ್ಟು ಜನರ ಮುಂದೆ ತೋರಿಸಬಾರದಲ್ಲ. ಕೊಬ್ಬರಿ, ಕಡಲೆಬೀಜ, ಎಳ್ಳು, ಬೆಲ್ಲ, ಆಮೇಲೆ ತುಪ್ಪದ ಹುಗ್ಗಿ. ಅರ್ಧ ಗಂಟೆ ನಿಧಾನವಾಗಿ, ಡಬ್ಬಿ ಬೆರಳಲ್ಲಿ ಬಳಿದು ತಿಂದೆ.

ಹೊರಗೆ ಬಂದಾಗ ಬೆಳ್ಳಿಯ ಹಣೆಯಲ್ಲಿ ಕುಂಕುಮ, ಕೊರಳಲ್ಲಿ ಚೆಂಡು ಹೂವಿನ ಹಾರ. ಬೇಸನ್ನು ಬಳಿದು ಖಾಲಿಯಾಗಿತ್ತು. ಹಬ್ಬದ ದಿನ ಒಬ್ಬರು ಇಟ್ಟರೆ ಮನೆಯವರೆಲ್ಲ ಇಟ್ಟ ಹಾಗಲ್ಲ. ಪ್ರತಿಯೊಬ್ಬರೂ ತಮ್ಮ ಕೈಯಾರೆ ಇಡಬೇಕು. ಇದು ನನಗೆ ಗೊತ್ತಿಲ್ಲದ ಪದ್ಧತಿಯೇ? ಅರಕಲಗೂಡಿನ ನಮ್ಮ ಮನೆಯಲ್ಲೂ ಹಸುವಿಗೆ ಅಪ್ಪ, ಅಮ್ಮ, ಅಣ್ಣ, ನಾನು ಒಬ್ಬೊಬ್ಬರಾಗಿ ಇಟ್ಟವರೇ. "ಎಲ್ರೂ ಒಂದೊಂದೇ ತುತ್ತು ಕಣವ್ವ" ಎಂದು ಸಾಕಮ್ಮ ಸಂತೋಷದಿಂದ ಹೇಳಿದರು. ಹದಿನಾಲ್ಕು ತುತ್ತು. ರೈತರ ಕೈಯ ತುತ್ತು. ಹತ್ತು ದಿನ ಹುಲ್ಲಿನ ಎಳೆ ಎಣಿಸಿ ತಿಂದ ಹೊಟ್ಟೆಗೆ ಅಕ್ಕಿ, ಬೆಲ್ಲ, ಗೆಣಸು.

ಆಗಲೇ ಟ್ಯೂಬು ಇಳಿಸಿ ಹೊಟ್ಟೆ ತೊಳೆಯಬೇಕಾಗಿತ್ತು. ಎಣ್ಣೆ ಕುಡಿಸಬೇಕಾಗಿತ್ತು. ಅಷ್ಟು ದೂರದಿಂದ ಬಂದವರ ಕಣ್ಣೆದುರೇ, ಅವರಿಟ್ಟದ್ದನ್ನು ಹೊರಗೆ ತೆಗೆಯುವುದೇ? ಹೋಗಲಿ, ಅವರು ಹೊರಡಲಿ ಎಂದುಕೊಂಡೆ. ಅವರು ಹೊರಟಾಗ ಮೂರು ಗಂಟೆ. ನೋಡಿದರೆ ಬೆಳ್ಳಿ ಆರಾಮಾಗಿತ್ತು. ನಾಡಿ ಸರಿಯಿತ್ತು, ಕರುಳು ಮಾತಾಡುತ್ತಿತ್ತು. ಹಬ್ಬದ ದಿನ ಇದಕ್ಕೂ ಟ್ಯೂಬಿನ ಹಿಂಸೆ ಯಾಕೆ ಎಂದು ಬಿಟ್ಟೆ. ನಿಜ ಹೇಳಬೇಕೆಂದರೆ ಆ ದಿನವನ್ನು ಹಾಳು ಮಾಡಿಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಹುಲ್ಲು ಕೊಡಲು ಹೋದಾಗ ಬೆಳ್ಳಿ ನನ್ನ ಕಡೆ ಹೆಜ್ಜೆ ಇಡಲಿಲ್ಲ. ಮುಂಗಾಲು ಎರಡನ್ನೂ ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂದಕ್ಕೆ ಹಾಕಿ, ಕೆಂಡದ ಮೇಲೆ ನಿಂತವರ ಹಾಗೆ ನಿಂತಿತ್ತು. ಗೊರಸು ಮುಟ್ಟಿದೆ. ಸುಡುತ್ತಿತ್ತು. ಗೊರಸನ್ನೂ ಒಳಗಿನ ಮೂಳೆಯನ್ನೂ ಹಿಡಿದಿರುವ ಪದರ ಉರಿ ಬಂದು ಸಡಿಲವಾಗುವ ಕಾಯಿಲೆ ಅದು. ಪದರ ಬಿಟ್ಟರೆ ಕುದುರೆಯ ಭಾರಕ್ಕೆ ಮೂಳೆ ಕೆಳಗೆ ಜಾರುತ್ತದೆ. ಹಾಗಾದರೆ ಮತ್ತೆ ಕೂರಿಸಲು ಬರುವುದಿಲ್ಲ.

ಮಂಜುಗಡ್ಡೆಯಲ್ಲಿ ಗೊರಸು ಇಳಿಬಿಡಬೇಕು. ಅಷ್ಟೊಂದು ಮಂಜುಗಡ್ಡೆ ಎಲ್ಲಿಂದ ತರುವುದು? ಗೊರೂರಿನಿಂದ ಮೀನು ತರುವ ಗಾಡಿಯವರು ನೆನಪಾದರು. ರಂಗಣ್ಣ ಬೈಕಿನಲ್ಲಿ ಹೋಗಿ ಅವರನ್ನು ಹಿಡಿದು, ಪೆಟ್ಟಿಗೆಗಟ್ಟಲೆ ತಂದ. ಒಂದು ವಾರ ದಿನಾ ತಂದುಕೊಟ್ಟರು, ಮೀನಿನ ನಾತದ ಮಂಜುಗಡ್ಡೆ. ಗೊರಸಿಗೆ ಚೀಲ ಕಟ್ಟಿ ತುಂಬುತ್ತಿದ್ದೆ, ಕರಗುತ್ತಿತ್ತು, ಮತ್ತೆ ತುಂಬುತ್ತಿದ್ದೆ. ಕೈ ಮರಗಟ್ಟಿ ಚಮಚ ಹಿಡಿಯಲು ಬರುತ್ತಿರಲಿಲ್ಲ. ಕೆಳಗೆ ಮರಳು ಹಾಸಿದೆವು, ಪಾದಕ್ಕೆ ಮೆತ್ತೆ ಕಟ್ಟಿದೆವು. ಇಷ್ಟೆಲ್ಲ ಮಾಡುವಾಗ ನಾನು ಬೆಳ್ಳಿಯ ಜೊತೆ ಮಾತಾಡುವುದನ್ನು ನಿಲ್ಲಿಸಿಬಿಟ್ಟಿದ್ದೆ. ಅದರ ಮುಖ ನೋಡುವ ಧೈರ್ಯ ಇರಲಿಲ್ಲ.

ಹಿರಿಯ ಡಾಕ್ಟರು ಕೇಳಿದರು, "ಏನಮ್ಮ, ಚೆನ್ನಾಗೇ ಇತ್ತಲ್ಲ?" ಹೊಟ್ಟೆಯ ಆಪರೇಷನ್ ಆದ ಮೇಲೆ ಕರುಳಿನ ವಿಷ ರಕ್ತಕ್ಕೆ ಸೇರಿ ಹೀಗಾಗುವುದುಂಟು ಎಂದೆ. ಸುಳ್ಳಲ್ಲ, ಪುಸ್ತಕದಲ್ಲಿರುವ ಮಾತೇ. ನನಗೆ ಅನುಕೂಲವಾದ ನಿಜವನ್ನು ಆರಿಸಿಕೊಂಡೆ. ಅವರು ತಲೆದೂಗಿದರು. ನಂಜಪ್ಪ ಮಾತ್ರ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದವರು, "ಇಲ್ಲ ಸಾ. ನಾವೇ ಹಬ್ಬದ್ ದಿನ ಮೇಡಮ್ಮೋರ್ಗೆ ಗೊತ್ತಾಗ್ದಂಗೆ ತಿನ್ಸ್‌ಬುಟ್ವಿ. ನಮ್ದೇ ತೆಪ್ಪು" ಎಂದರು. ನಾನು ಅವರ ಕಡೆ ನೋಡಿದೆ. ಅವರು ನನ್ನ ಕಡೆ ನೋಡಲಿಲ್ಲ. ಸಾಕಮ್ಮ ತಮ್ಮನಿಗೆ ನಾನು ಒಪ್ಪಿದ್ದನ್ನು ಹೇಳಿಲ್ಲ ಎಂದುಕೊಂಡೆ. ಬಾಯಿ ತೆರೆದು ಹೇಳಬೇಕಾಗಿದ್ದ ಗಳಿಗೆ ಅದು. ಹಿರಿಯ ಡಾಕ್ಟರು ನಂಜಪ್ಪನವರಿಗೆ ಚೆನ್ನಾಗಿ ಬೈದರು. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ನಾನು ಮಂಜುಗಡ್ಡೆ ಒಡೆಯುತ್ತಾ ಕೂತಿದ್ದೆ.

ಫೆಬ್ರವರಿ ಮೊದಲ ವಾರ ತೆಗೆದ ಎಕ್ಸ್‌ರೇಯಲ್ಲಿ ಎರಡೂ ಮುಂಗಾಲಿನ ಮೂಳೆ ಜಾರಿ ಅಂಗಾಲಿಗೆ ಬಂದಿತ್ತು. ಬೆಳ್ಳಿ ಏಳುವುದನ್ನೇ ಬಿಟ್ಟಿತ್ತು. ಹೊಟ್ಟೆಯ ಗಾಯ ನೋಡಿದರೆ ಎಷ್ಟು ಚೆಂದ ಕೂಡಿತ್ತು! ನಾನು ಕುಯ್ದ ಹೊಟ್ಟೆ ಉಳಿಯಿತು, ಕುದುರೆ ಉಳಿಯಲಿಲ್ಲ. ನಂಜಪ್ಪ, "ಇನ್ನು ನರಳಿಸ್‌ಬ್ಯಾಡಿ ಕಣವ್ವ. ನೀವೇ ಕೊಡಿ, ಬ್ಯಾರೆ ಯಾರೂ ಮುಟ್ಟಾದ್ ಬ್ಯಾಡ" ಎಂದರು. ಬೆಳಗಿನ ಬಿಸಿಲು ಬಿದ್ದಿತ್ತು. ತಲೆ ನಂಜಪ್ಪನವರ ತೊಡೆಯ ಮೇಲಿತ್ತು. ನಾನೇ ಇಂಜೆಕ್ಷನ್ ಕೊಟ್ಟೆ. ಅದೇ ಪಿಕಪ್ ಗಾಡಿಯಲ್ಲಿ ಹಳೇಕೋಟೆಗೆ ಕೊಂಡೊಯ್ದು ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ನನಗೆ ಹೋಗಲಾಗಲಿಲ್ಲ. ಹೋಗಲಿಲ್ಲ ಎನ್ನುವುದು ಸರಿ.

ಕೇಸ್ ಪೇಪರಿನಲ್ಲಿ "ಆಪರೇಷನ್ ಯಶಸ್ವಿ, ನಂತರ ಗೊರಸಿನ ತೊಂದರೆ" ಎಂದು ಬರೆದು ಫೈಲಿಗೆ ಸೇರಿಸಿದೆ. ಮಧ್ಯಾಹ್ನ ಆ ಖಾಲಿ ಕೋಣೆಯ ಮುಂದೆ ಹಾಯುವಾಗ ಕಾಲು ತಾನಾಗಿ ನಿಲ್ಲುತ್ತಿತ್ತು. ಹಳೇಕೋಟೆಯಲ್ಲಿ ಊರವರು ಸಾಕಮ್ಮನನ್ನು, "ಕುದುರೆಗೆ ಹುಗ್ಗಿ ಹಾಕಿ ಕೊಂದವಳು" ಎಂದು ಆಡಿಕೊಳ್ಳುತ್ತಾರೆಂದು ರಂಗಣ್ಣ ಸುದ್ದಿ ತಂದ. ಒಂದು ತಿಂಗಳು ತಳ್ಳಿದೆ. ಯಾರ ಹತ್ತಿರ ಹೇಳಿಕೊಳ್ಳುವುದು? ಹೇಳಿಕೊಳ್ಳುತ್ತಿದ್ದದ್ದು ಬೆಳ್ಳಿಯೊಂದರ ಹತ್ತಿರ.

ಶಿವರಾತ್ರಿ ಕಳೆದ ವಾರ ರಜ ಹಾಕಿ ಹೊಳೆನರಸೀಪುರಕ್ಕೆ ಹೋಗಿ, ಅಲ್ಲಿಂದ ಹಳೇಕೋಟೆಯ ಬಸ್ಸು ಹತ್ತಿದೆ. ಬಿಸಿಲು ಚುರುಗುಟ್ಟುತ್ತಿತ್ತು. ಕುದುರೆ ನಂಜಪ್ಪನವರ ಮನೆ ಎಂದು ಕೇಳಿದೆ, ಅಂಗಡಿಯವನು ಕೈ ತೋರಿಸಿದ. ಸಾಕಮ್ಮ ಜಗುಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ನಂಜಪ್ಪ ಹಸುವಿಗೆ ನೀರಿಡುತ್ತಿದ್ದವರು ಬಕೆಟ್ ಕೆಳಗಿಟ್ಟು, "ಅಯ್, ಬನ್ನಿ ಡಾಕ್ಟ್ರಮ್ಮ, ಬನ್ನಿ" ಎಂದು ಟವಲಿನಲ್ಲಿ ಜಗುಲಿ ಒರೆಸಿದರು. ಕೂರಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಹೋಗಿ, ನಿಂತಲ್ಲೇ ಒದರಿಬಿಟ್ಟೆ.

"ಅವತ್ತು ತಿನ್ನಿಸಿ ಅಂದದ್ದು ನಾನು ನಂಜಪ್ಪ. ನಿಮ್ಮಕ್ಕ ಕೇಳಿದರು, ನಾನು ಹ್ಞೂಂ ಅಂದೆ. ಆಮೇಲೂ ಹೊಟ್ಟೆ ತೊಳೆಯಬಹುದಾಗಿತ್ತು, ತೊಳೆಯಲಿಲ್ಲ. ಡಾಕ್ಟರ ಮುಂದೆ ನೀವು ಬೈಸಿಕೊಂಡಾಗಲೂ ಬಾಯಿ ಮುಚ್ಕೊಂಡು ಕೂತಿದ್ದೆ. ಬೆಳ್ಳಿಯನ್ನು ಕೊಂದದ್ದು ನಾನು."

ನಂಜಪ್ಪ ನಿಧಾನವಾಗಿ 'ಊಂ' ಎಂದರು. "ಗೊತ್ತು ಕಣವ್ವ. ಅವತ್ತು ಟೆಂಪೊದಲ್ಲೇ ಅಕ್ಕ ಯೋಳ್ತು, ಡಾಕ್ಟ್ರಮ್ಮ ಒಪ್ಕಂಡ್ರು ಅಂತ."

ನನಗೆ ಸಿಟ್ಟೇ ಬಂತು. "ಗೊತ್ತಿದ್ದೂ ನಿಮ್ಮ ತಲೆ ಮೇಲೆ ಯಾಕೆ ಹಾಕ್ಕೊಂಡ್ರಿ? ಊರವರೆಲ್ಲ ನಿಮ್ಮಕ್ಕನ್ನ ಅಂತಿದ್ದಾರಲ್ಲ, ಒಂದು ಮಾತು ಹೇಳಬಾರದಿತ್ತಾ?"

ಅವರು ಸಾಕಮ್ಮನ ಕಡೆ ನೋಡಿದರು. ಆಕೆ ಬೀಜ ಬಿಡಿಸುತ್ತಲೇ ಹೇಳಿದರು. "ನಾವು ಅಷ್ಟೊಂದ್ ಜನ ಇದ್ವಿ ಕಣ್ ಮಗಾ. ತಲೆಗೊಂದಷ್ಟು ಅಂತ ಹಂಚ್ಕಂಡ್ವಿ, ಹೊತ್ಕಂಡ್ವಿ. ನೀನು ಒಬ್ಬಳೇ ಇದ್ದೆ. ಪೂರಾ ನಿನ್ ಮ್ಯಾಲೆ ಆಕುದ್ರೆ ಎಂಗ್ ಹೊರ್ತಿದ್ದೆ?"

ಬೆಳ್ಳಿ ಹೋದಾಗಲೂ ಅಳದಿದ್ದವಳು ಅವರ ಜಗುಲಿಯ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಸಾಕಮ್ಮ ಎದ್ದು, ಹುಣಸೆಹಣ್ಣಿನ ಕೈ ತೊಳೆದುಕೊಂಡು ಬಂದು, ನನ್ನ ಪಕ್ಕದಲ್ಲಿ ಕೂತರು.